ಹದಿನೈದು ಅಂಕದ ಭರವಸೆ

ಗಲಗಲಿ ಸರ್ ಜೀವಮಾನದಲ್ಲಿ ಬರೆದದ್ದು ಒಂದೇ ಕೃತಿ, ಅದನ್ನು ಪ್ರಕಟಿಸಿದವರು ಝೆರಾಕ್ಸ್ ಅಂಗಡಿಯವರು. ಸಿಂದಗಿಯ ಒಂದು ಕಾಲೇಜಿನಲ್ಲಿ ಇಪ್ಪತ್ತಾರು ವರ್ಷದಿಂದ ಇಂಗ್ಲಿಷ್ ಕಲಿಸುತ್ತಿದ್ದ ಅವರು ಬಿ.ಎ. ಎರಡನೇ ವರ್ಷದವರಿಗೆಂದು ಬಹಳ ಹಿಂದೆ ಕೈಬರಹದಲ್ಲಿ ನೋಟ್ಸ್ ಮಾಡಿಟ್ಟಿದ್ದರು. ಬಸ್ ಸ್ಟ್ಯಾಂಡಿನ ಎದುರು ಇರುವ ಅಮೀನುದ್ದೀನನ ಅಂಗಡಿಯಿಂದ ಹೊರಟ ಆ ನಲವತ್ತು ಪುಟಗಳು ಇಂಡಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಎಂದು ಊರೂರು ತಿರುಗಿದವು. ಪ್ರತಿಯಿಂದ ಪ್ರತಿ ತೆಗೆದಂತೆ ಅಕ್ಷರ ಮಸುಕಾಯಿತು, ಹೆಸರು ಮಾತ್ರ ದೊಡ್ಡದಾಯಿತು. ವಾಸುದೇವ ಗಲಗಲಿ ಎಂಬ ಮನುಷ್ಯ ಯಾರೆಂದು ತಿಳಿಯದವರಿಗೂ ಗಲಗಲಿ ನೋಟ್ಸ್ ಗೊತ್ತಿತ್ತು.

ಆ ನೋಟ್ಸಿನಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ಬಾಳಿದ್ದು ಒಂದು ವಾಕ್ಯ. ಪಠ್ಯದಲ್ಲಿ ಆಫ್ರಿಕಾದ ಒಂದು ಕವಿತೆ ಇತ್ತು. ಬಿಳಿಯರು ನದಿ ದಂಡೆಯ ಒಂದೂರಿಗೆ ಬರುತ್ತಾರೆ, ಗುಡಿಸಲುಗಳಿಗೆ ನಂಬರು ಹಚ್ಚುತ್ತಾರೆ, ಜನರನ್ನು ಗುಡ್ಡದಾಚೆಯ ಬರಡು ನೆಲಕ್ಕೆ ಅಟ್ಟುತ್ತಾರೆ. ಗಂಡಸರು ಗಣಿಗೆ ಹೋಗುತ್ತಾರೆ, ಹೋದವರಲ್ಲಿ ಕೆಲವರು ಬರುವುದಿಲ್ಲ. ಕೊನೆಯಲ್ಲಿ ಒಬ್ಬ ಮುದುಕಿ ಬೆಳಗ್ಗೆ ಎದ್ದು, ಇಲ್ಲದ ಮನೆಯ ಅಂಗಳವನ್ನು ಗುಡಿಸುತ್ತಾಳೆ. ಕವಿತೆ ಅಲ್ಲಿಗೆ ಮುಗಿಯುತ್ತದೆ. ಈ ಕೊನೆಯ ಸಾಲುಗಳ ಬಗ್ಗೆ ಗಲಗಲಿ ಸರ್ ಬರೆದಿದ್ದರು: ಇಷ್ಟೆಲ್ಲ ಸಂಕಟದ ನಡುವೆಯೂ ಕವಿ ಭರವಸೆಯನ್ನು ಕೈಬಿಡುವುದಿಲ್ಲ.

ಬರೆದಾಗ ಅವರಿಗೆ ಮೂವತ್ತೆರಡು. ಆ ಕವಿತೆಯನ್ನು ಮೊದಲ ಸಲ ಕ್ಲಾಸಿನಲ್ಲಿ ಓದುವಾಗ ತಮ್ಮ ಮುಖ ಹುಡುಗರಿಗೆ ಕಾಣಬಾರದೆಂದು ಬೋರ್ಡಿನ ಕಡೆ ತಿರುಗಿ ಇದ್ದದ್ದನ್ನೇ ಅಳಿಸಿ ಮತ್ತೆ ಬರೆದಿದ್ದರು. ಈಗ ಐವತ್ತು ದಾಟಿತ್ತು. ಪಠ್ಯಪುಸ್ತಕ ಮೂರು ಸಲ ಬದಲಾದರೂ ಆ ಕವಿತೆ ಕದಲಲಿಲ್ಲ, ವಾಕ್ಯವೂ ಕದಲಲಿಲ್ಲ. ಪ್ರತಿ ವರ್ಷ ಅದನ್ನು ಹೇಳಿ ಬರೆಸುವಾಗ ಸರ್ ಕಿಟಕಿಯ ಹೊರಗೆ ನೋಡುತ್ತಿದ್ದರು. ತಲೆ ತಗ್ಗಿಸಿ ಬರೆದುಕೊಳ್ಳುವವರಿಗೆ ಅದು ಕಾಣುತ್ತಿರಲಿಲ್ಲ.

ಅದಕ್ಕಿಂತ ದೊಡ್ಡ ಶಿಕ್ಷೆ ಮೌಲ್ಯಮಾಪನ. ಬೇಸಿಗೆಯಲ್ಲಿ ವಿಜಾಪುರದ ಒಂದು ದೊಡ್ಡ ಹಾಲಿನಲ್ಲಿ ಅಧ್ಯಾಪಕರೆಲ್ಲ ಸಾಲಾಗಿ ಕೂತು ಉತ್ತರಪತ್ರಿಕೆ ತಿದ್ದಬೇಕು. ಹೆಸರಿಲ್ಲದ, ಬರೀ ಗುಪ್ತಸಂಖ್ಯೆ ಇರುವ ಪತ್ರಿಕೆಗಳು ಬಂಡಲುಗಟ್ಟಲೆ ಬರುತ್ತವೆ. ಜೊತೆಗೆ ಒಂದು ಚೀಟಿ, ಅದಕ್ಕೆ ಕೀ ಅನ್ನುತ್ತಾರೆ. ಯಾವ ಉತ್ತರದಲ್ಲಿ ಯಾವ ಪಾಯಿಂಟ್ ಇದ್ದರೆ ಎಷ್ಟು ಅಂಕ ಎಂದು ಅದರಲ್ಲಿ ಬರೆದಿರುತ್ತದೆ. ಆಫ್ರಿಕಾದ ಕವಿತೆಗೆ ಹದಿನೈದು ಅಂಕ, ಕೊನೆಯ ಪಾಯಿಂಟ್ ಭರವಸೆ. ಹೀಗಾಗಿ ಗಲಗಲಿ ಸರ್ ಪ್ರತಿ ಮೇ ತಿಂಗಳಲ್ಲಿ ಒಂದು ವಾರ ತಮ್ಮದೇ ವಾಕ್ಯವನ್ನು ನೂರಾರು ಕೈಬರಹದಲ್ಲಿ ಓದುತ್ತಿದ್ದರು. ಒಬ್ಬ ಒಂದು ಪದ ಬಿಟ್ಟಿರುತ್ತಿದ್ದ, ಇನ್ನೊಬ್ಬ ಅದನ್ನೇ ಎರಡು ಸಲ ಬರೆದಿರುತ್ತಿದ್ದ. ಸರ್ ಗೆರೆ ಎಳೆದು ಅಂಕ ಹಾಕುತ್ತಿದ್ದರು. ಮಧ್ಯಾಹ್ನವಾದರೆ ಅವರಿಗೆ ಆ ವಾಕ್ಯ ಕಂಡರೆ ವಾಕರಿಕೆ ಬಂದಹಾಗಾಗುತ್ತಿತ್ತು.

ಎರಡು ಸಾವಿರದ ಎರಡರ ಮೇ ತಿಂಗಳಲ್ಲಿ, ಅಂಥ ಒಂದು ಮಧ್ಯಾಹ್ನ, ಬೇರೆ ಥರದ ಒಂದು ಉತ್ತರ ಕೈಗೆ ಬಂತು. ಇಂಗ್ಲಿಷು ಕುಂಟುತ್ತಿತ್ತು, ಆದರೆ ಹೇಳಬೇಕಾದದ್ದನ್ನು ಹೇಳುತ್ತಿತ್ತು. ಈ ಕವಿತೆಯಲ್ಲಿ ಭರವಸೆ ಇಲ್ಲ ಎಂದು ಶುರುವಾಗಿತ್ತು. ಮುದುಕಿಗೆ ಮನೆ ಇಲ್ಲವೆಂದು ಗೊತ್ತು. ನಮ್ಮ ಮನೆಗೂ ಕೆಂಪು ಬಣ್ಣದಲ್ಲಿ ನಂಬರು ಬರೆದಿದ್ದರು. ಅವರ ಊರನ್ನು ಹೊರಗಿನವರು ಕಿತ್ತುಕೊಂಡರು, ನಮ್ಮದನ್ನು ಆಣೆಕಟ್ಟಿನ ನೀರಿಗೆಂದು ನಮ್ಮವರೇ ಕೇಳಿದರು, ಮನೆ ಕಳೆದುಕೊಂಡವರಿಗೆ ಎರಡೂ ಒಂದೇ. ನನ್ನ ಅಜ್ಜಿ ದಿನಾ ಬೆಳಗ್ಗೆ ಗೋಡೆ ಇಲ್ಲದ ಹೊಸ್ತಿಲಿಗೆ ಪೂಜೆ ಮಾಡುತ್ತಾಳೆ. ಅದು ಭರವಸೆ ಎಂದು ಬರೆದರೆ ಅಜ್ಜಿಯ ಬಗ್ಗೆ ಸುಳ್ಳು ಹೇಳಿದಂತೆ.

ಸರ್ ಅದನ್ನು ಎರಡು ಸಲ ಓದಿದರು. ಎದ್ದು ಹೋಗಿ ಮುಖ್ಯ ಪರೀಕ್ಷಕ ಶಂಕ್ರೆಪ್ಪನವರಿಗೆ ತೋರಿಸೋಣವೆಂದುಕೊಂಡರು. ಶಂಕ್ರೆಪ್ಪನವರು ಕೀ ಏನು ಹೇಳುತ್ತದೋ ಅದು ಎನ್ನುವವರು, ಅದರ ಮೇಲೆ ಸಂಜೆಯೊಳಗೆ ಇನ್ನೂ ಇಪ್ಪತ್ತೆರಡು ಪತ್ರಿಕೆ ಬಾಕಿ ಇದ್ದವು. ಫ್ಯಾನು ಬಿಸಿ ಗಾಳಿ ಬೀಸುತ್ತಿತ್ತು. ಕೊನೆಯ ಪಾಯಿಂಟ್ ಇಲ್ಲ, ಕವಿಯ ಪರಿಚಯ ಇಲ್ಲ, ಅಜ್ಜಿ ಬಂದಿದ್ದಾಳೆ. ಸರ್ ಹದಿನೈದಕ್ಕೆ ಮೂರು ಹಾಕಿ ಪುಟ ತಿರುವಿದರು. ಅವರೇನು ಕೆಟ್ಟವರಲ್ಲ, ದಣಿದಿದ್ದರು. ದಣಿದವರ ಕೈಯಿಂದ ಎಂಥ ಅನ್ಯಾಯವಾಗುತ್ತದೆ ಎಂದು ಯಾರೂ ಲೆಕ್ಕ ಇಡುವುದಿಲ್ಲ.

ಫಲಿತಾಂಶ ಬಂದ ಮೂರನೇ ದಿನ ಒಬ್ಬ ಹುಡುಗಿ ಸಿಂದಗಿಯ ಅವರ ಮನೆ ಹುಡುಕಿಕೊಂಡು ಬಂದಳು. ಕೈಯಲ್ಲಿ ಗಲಗಲಿ ನೋಟ್ಸಿನ ಒಂದು ಪ್ರತಿ ಇತ್ತು, ಅದರ ರಟ್ಟಿನ ಮೇಲಿದ್ದ ವಿಳಾಸ ನೋಡಿ ಬಂದಿದ್ದಳು. ಹೆಸರು ಭಾಗ್ಯಜ್ಯೋತಿ. ಊರಿಗೆ ಬಡವರ ಮನೆಗೊಂದು ಬಲ್ಬಿನ ಯೋಜನೆ ಬಂದ ವರ್ಷ ಹುಟ್ಟಿದವಳು, ಅಪ್ಪ ಆ ಯೋಜನೆಯ ಹೆಸರನ್ನೇ ಇಟ್ಟಿದ್ದ. ಆ ಊರು ಈಗ ಕೃಷ್ಣೆಯ ಹಿನ್ನೀರಿನ ಕೆಳಗಿತ್ತು. ಅವರು ಬಸವನಬಾಗೇವಾಡಿಯ ಕಡೆ ಒಂದು ಪುನರ್ವಸತಿ ಕೇಂದ್ರದಲ್ಲಿದ್ದರು.

ಮುಕ್ತಾಬಾಯಿ, ಅಂದರೆ ಸರ್ ಅವರ ಹೆಂಡತಿ, ಅವಳಿಗೆ ನೀರು ಕೊಟ್ಟು ಕೂಡಿಸಿದರು. ಹುಡುಗಿ ಒಂದೊಂದಾಗಿ ಹೇಳಿಕೊಂಡಳು. ಉಳಿದ ವಿಷಯವೆಲ್ಲ ಪಾಸಾಗಿ, ಎರಡನೇ ವರ್ಷದ ಇಂಗ್ಲಿಷ್ ಒಂದೇ ಉಳಿದಿದೆ. ಇದು ಎರಡನೇ ಸಲ, ಮೂರು ಅಂಕಕ್ಕೆ ಹೋಯಿತು. ಮುಳುಗಡೆಯಾದ ಮನೆಗೆ ನೌಕರಿಯ ಮೀಸಲಾತಿಗೆಂದು ಒಂದು ಸರ್ಟಿಫಿಕೇಟು ಕೊಡುತ್ತಾರೆ, ಮನೆಗೊಂದೇ. ಅದು ತನ್ನದೆಂದು ಅಪ್ಪ ಸಾಯುವ ಮುಂಚೆ ಹೇಳಿದ್ದ. ಈಗ ಕಾಕಾ, ದೀಪಾವಳಿಯೊಳಗೆ ಡಿಗ್ರಿ ಕೈಗೆ ಬರದಿದ್ದರೆ ಅದನ್ನು ತನ್ನ ಮಗ ಕಲ್ಮೇಶನ ಹೆಸರಿಗೆ ಮಾಡಿಸುತ್ತೇನೆ ಎನ್ನುತ್ತಿದ್ದಾನೆ. ಕಲ್ಮೇಶ ಪಾಸಾಗಿದ್ದಾನೆ. ಸಾಲಿ ಕಲಿಸುವ ನೌಕರಿಯ ಮೇಲೆ ಜೀವ ಇಟ್ಟುಕೊಂಡು ಓದಿದವಳು ತಾನು.

ಕಾಕಾನದು ತಪ್ಪೆಂದೂ ಅವಳು ಹೇಳಲಿಲ್ಲ. ನಂತರ ನೋಟ್ಸನ್ನು ತೆರೆದು ಮೇಜಿನ ಮೇಲಿಟ್ಟಳು.

"ಸರ, ಇದು ಪೂರಾ ಬಾಯಿಪಾಠ ಐತ್ರಿ. ಪೇಪರನ್ಯಾಗ ಬರೀಬೇಕಂದ್ರ ಕೈ ಏಳಲಿಲ್ಲ. ನಮ್ಮ ಆಯಿ ಹೊಸ್ತಿಲಾ ನೆನಪಾತು, ಅದನ್ನ ಬರದೆ. ಈ ಹೋಪ್ ಅನ್ನೂದು ಎಲ್ಲೈತಿ, ನೀವ ತೋರಿಸ್ರಿ. ಈ ಸಲ ಅದನ್ನ ಬರೀತೇನಿ."

ಹೊಸ್ತಿಲು ಎಂಬ ಮಾತು ಕೇಳಿದ್ದೇ ಗಲಗಲಿ ಸರ್ ಅವರಿಗೆ ಇವಳು ಯಾರೆಂದು ತಿಳಿಯಿತು. ಆ ಉತ್ತರ, ಆ ಬಿಸಿ ಗಾಳಿ, ತಾವು ಹಾಕಿದ ಮೂರು, ಎಲ್ಲ ಒಂದೇ ಸಲಕ್ಕೆ ಕಣ್ಣ ಮುಂದೆ ಬಂದವು. ಪಠ್ಯಪುಸ್ತಕ ತೆಗೆದುಕೊಂಡು ಕವಿತೆಯ ಕೊನೆಯ ಸಾಲುಗಳ ಮೇಲೆ ಬೆರಳಿಟ್ಟರು. ಬೆರಳು ಮುದುಕಿಯ ಮೇಲೆ ಹೋಯಿತು, ಕಸಬರಿಗೆಯ ಮೇಲೆ ಹೋಯಿತು, ಅಂಗಳದ ಮೇಲೆ ಹೋಯಿತು. ಇಪ್ಪತ್ತು ವರ್ಷದ ಹಿಂದೆ ಅಲ್ಲೇ ಎಲ್ಲೋ ಕಂಡಿತ್ತು. ಈಗ ಹುಡುಕಿದರೆ ಸಿಗಲಿಲ್ಲ. ಕೊನೆಗೆ ಪರೀಕ್ಷೆಗೆ ನೋಟ್ಸಿನಲ್ಲಿದ್ದ ಹಾಗೇ ಬರೆ, ಪರೀಕ್ಷೆ ಬೇರೆ ಕವಿತೆ ಬೇರೆ ಎಂದು ಏನೋ ಹೇಳಿ ಕಳಿಸಿದರು. ಅವಳು ಹೌದ್ರಿ ಎಂದು ಎದ್ದಳು, ಬಂದಾಗ ಇದ್ದಷ್ಟು ಚುರುಕು ಹೋಗುವಾಗ ಇರಲಿಲ್ಲ.

ಗಂಡ ಊಟಕ್ಕೆ ಏಳದೆ ಕೂತಾಗ ಮುಕ್ತಾಬಾಯಿ ಕೇಳಿಯೇ ಕೇಳಿದರು. ಸರ್ ಎಲ್ಲ ಹೇಳಿದರು. ಯಾರ ಪತ್ರಿಕೆ ಯಾರು ತಿದ್ದಿದರೆಂದು ಬಾಯಿ ಬಿಡುವ ಹಾಗಿಲ್ಲ, ಬಿಟ್ಟರೆ ಮುಂದೆ ಪರೀಕ್ಷಕರ ಪಟ್ಟಿಯಿಂದ ಹೆಸರೇ ಹೋದೀತು ಎಂದೂ ಹೇಳಿದರು. ಆ ಪಟ್ಟಿಯಲ್ಲಿ ಇದ್ದು ಏನು ಸುಖ ಕಂಡಿದ್ದೀರಿ ಎಂದು ಮುಕ್ತಾಬಾಯಿ ಕೇಳಿದರು.

"ನೀವು ಹೇಳದಿದ್ರ ಆ ಹುಡುಗಿ ತನ್ನದ ತಪ್ಪು ಅಂತ ತಿಳ್ಕೋತದ," ಎಂದರು ಮುಕ್ತಾಬಾಯಿ. "ಜನ್ಮಪೂರ್ತಿ ತಿಳ್ಕೋತದ."

ಮರು ರವಿವಾರ ಗಲಗಲಿ ಸರ್ ಮರುಮೌಲ್ಯಮಾಪನದ ಅರ್ಜಿಯೊಂದನ್ನು ಜೇಬಿನಲ್ಲಿಟ್ಟುಕೊಂಡು ಬಾಗೇವಾಡಿಯ ಬಸ್ಸು ಹತ್ತಿದರು. ಅಲ್ಲಿಂದ ಒಂದು ಟೆಂಪೋ, ಆಮೇಲೆ ಕಾಲುನಡಿಗೆ. ಪುನರ್ವಸತಿ ಕೇಂದ್ರದಲ್ಲಿ ಓಣಿಗಳು ನೆಟ್ಟಗಿದ್ದವು, ಮನೆಗಳು ಒಂದೇ ಥರ ಇದ್ದವು, ಕೂತು ಮಾತಾಡಲು ಒಂದು ಕಟ್ಟೆಯೂ ಇರಲಿಲ್ಲ. ಊರಿನ ಹೆಸರಿನ ಹಿಂದೆ ಹೊಸ ಎಂದು ಸೇರಿಸಿದ ಬೋರ್ಡು ಆಗಲೇ ತುಕ್ಕು ಹಿಡಿದಿತ್ತು.

ಭಾಗ್ಯಜ್ಯೋತಿಯ ಮನೆ ಎಂದರೆ ಒಂದು ತಗಡಿನ ಶೆಡ್ಡು. ಅದರ ಪಕ್ಕದ ಗೋಡೆಗೆ ಒಂದು ಬಾಗಿಲ ಚೌಕಟ್ಟನ್ನು ಒರಗಿಸಿ ನಿಲ್ಲಿಸಿದ್ದರು. ಸಾಗವಾನಿಯದು, ಆಳೆತ್ತರಕ್ಕಿಂತ ಹೆಚ್ಚು, ಮೇಲೆ ಬಳ್ಳಿಯ ಕೆತ್ತನೆ. ನೀರು ಬರುವ ಮುಂಚೆ ಊರವರೆಲ್ಲ ತೊಲೆ, ಕಂಬ, ಬಾಗಿಲು ಕಿತ್ತು ಟ್ರ್ಯಾಕ್ಟರಿನಲ್ಲಿ ತಂದಿದ್ದರು. ತೊಲೆ ಕಂಬಗಳು ಹೇಗೋ ಉಪಯೋಗಕ್ಕೆ ಬಂದವು, ಈ ಚೌಕಟ್ಟು ಮಾತ್ರ ಶೆಡ್ಡಿನ ಬಾಗಿಲಿಗೆ ಹಿಡಿಸಲಿಲ್ಲ. ಅದರ ಹೊಸ್ತಿಲಿನ ಮೇಲೆ ಅವತ್ತು ಬೆಳಗಿನ ವಿಭೂತಿ, ಕುಂಕುಮ, ಎರಡು ಕಣಗಿಲ ಹೂವು ಇದ್ದವು. ಮುಂದೆ ಒಂದು ಗೇಣಿನಷ್ಟು ರಂಗೋಲಿ ಇತ್ತು. ಹೊಸ್ತಿಲು ದಾಟಿದರೆ ತಗಡಿನ ಗೋಡೆಗೆ ಮೂಗು ತಾಗುತ್ತಿತ್ತು.

ಅಜ್ಜಿ ಚನ್ನವ್ವ ಅಲ್ಲೇ ಕೂತು ತೊಗರಿ ಹಸನು ಮಾಡುತ್ತಿದ್ದಳು. ಸಾಲಿ ಮಾಸ್ತರು ಎಂದು ತಿಳಿದು ಸೆರಗು ಸರಿಮಾಡಿಕೊಂಡಳು. ಕುಶಲ ಕೇಳಿದ ಮೇಲೆ ಸರ್ ಅವರಿಗೆ ಕೇಳದೆ ಇರಲಾಗಲಿಲ್ಲ. ಒಂದಿಲ್ಲೊಂದು ದಿನ ಈ ಚೌಕಟ್ಟು ಕೂರುವಂಥ ಮನೆ ಕಟ್ಟುತ್ತೇವೆಂದು ಪೂಜೆ ಮಾಡುತ್ತೀರೇನು ಎಂದು ಕೇಳಿದರು. ಕೇಳುವಾಗ, ಇಪ್ಪತ್ತು ವರ್ಷದ ವಾಕ್ಯ ಉಳಿದೀತೇನೋ ಎಂಬ ಸಣ್ಣ ದುರಾಸೆ ಅವರಿಗೆ ಇತ್ತು.

ಚನ್ನವ್ವ ಮೊರದ ಮೇಲಿನ ಕೈ ನಿಲ್ಲಿಸಲಿಲ್ಲ.

"ಕಟ್ಟತಾರೋ ಬಿಡತಾರೋ, ನಂಗೇನ್ ಗೊತ್ತರಿ ಮಾಸ್ತರ. ಐವತ್ತ ವರ್ಷ ಮಾಡಿದ ಕೈ ಇವು. ಹೊತ್ತು ಹೊಂಟ್ರ ಸುಮ್ಮ ಕುಂಡ್ರೂದಿಲ್ಲ."

ಅಷ್ಟು ಹೇಳಿ ಮೊಮ್ಮಗಳಿಗೆ ಚಹಾ ಇಡಲು ಹೇಳಿದಳು.

ಚಹಾ ಕುಡಿದು, ಅಜ್ಜಿ ಒಳಗೆ ಹೋದ ಮೇಲೆ, ಗಲಗಲಿ ಸರ್ ಅರ್ಜಿಯನ್ನು ಭಾಗ್ಯಜ್ಯೋತಿಯ ಕೈಗೆ ಕೊಟ್ಟರು. ಒಂದು ಕ್ಷಣ, ಅರ್ಜಿ ಕೊಟ್ಟು ಎದ್ದುಬಿಡೋಣ ಎಂದು ಮನಸ್ಸು ಹೇಳಿತು. ಮುಕ್ತಾಬಾಯಿಯ ಮಾತು ಬಿಡಲಿಲ್ಲ.

"ನಿನ್ನ ಪೇಪರ್ ತಿದ್ದಿದಾವ ನಾನ," ಎಂದರು. "ಎರಡು ಸಲ ಓದಿದೆ. ಭಾಳ ಚಲೋ ಬರದೀ ಅಂತ ಗೊತ್ತಾತು. ಗೊತ್ತಾಗಿ ಮೂರು ಹಾಕಿದೆ."

ಹುಡುಗಿ ಬೈಯಬಹುದು, ಅಳಬಹುದು ಎಂದು ಅವರು ಬರುವ ದಾರಿಯುದ್ದಕ್ಕೂ ಸಿದ್ಧರಾಗಿ ಬಂದಿದ್ದರು. ಭಾಗ್ಯಜ್ಯೋತಿ ಅರ್ಜಿಯನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು. ತಲೆ ಎತ್ತಿದಾಗ ಅವಳ ಮುಖದ ಮೇಲೆ ಇದ್ದದ್ದು ಸಿಟ್ಟಲ್ಲ.

"ಓದೀರೇನ್ರಿ ಸರ?" ಎಂದಳು. "ಯಾರೂ ಓದಿಲ್ಲ ಅನ್ಕೊಂಡಿದ್ದೆ."

ಗಲಗಲಿ ಸರ್ ಅವರಿಗೆ ಅಲ್ಲಿ ಕೂರುವುದಾಗಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಎದ್ದರು, ಬಸ್ಸಿಗೆ ಇನ್ನೂ ಒಂದೂವರೆ ತಾಸು ಇತ್ತು. ಆ ಒಂದೂವರೆ ತಾಸು ರಸ್ತೆಯ ಬದಿಗೆ ನಿಂತು, ಬಿಸಿಲಿನಲ್ಲಿ, ಆ ವಾಕ್ಯ ಬರೆದ ಮೂವತ್ತೆರಡು ವರ್ಷದ ಮಾಸ್ತರನನ್ನು ನೆನೆದು ಅವರಿಗೆ ನಾಚಿಕೆಯಾಯಿತು. ಇಷ್ಟು ವರ್ಷ ಅವನ ಹೆಸರಿನಲ್ಲಿ ತಾವು ನಡೆಸಿದ ದಂಧೆಗೆ ಇನ್ನೂ ಹೆಚ್ಚು ನಾಚಿಕೆಯಾಯಿತು.

ಮರುಮೌಲ್ಯಮಾಪನದಿಂದ ಏನೂ ಆಗಲಿಲ್ಲ. ಬೇರೆ ಯಾರೋ ದಣಿದವರು ಅದೇ ಕೀ ಇಟ್ಟುಕೊಂಡು ನೋಡಿ, ಬದಲಾವಣೆ ಇಲ್ಲ ಎಂದು ಬರೆದರು. ತಮ್ಮಿಂದ ತಪ್ಪಾಗಿದೆ ಎಂದು ಸರ್ ವಿಶ್ವವಿದ್ಯಾಲಯಕ್ಕೆ ಒಂದು ಪತ್ರ ಹಾಕಿದ್ದರು, ಅದಕ್ಕೆ ಉತ್ತರವೂ ಬರಲಿಲ್ಲ, ಪಟ್ಟಿಯಿಂದ ಹೆಸರೂ ಹೋಗಲಿಲ್ಲ. ಅದನ್ನೂ ಯಾರೂ ಓದಿರಲಿಕ್ಕಿಲ್ಲ. ಉಳಿದದ್ದು ಅಕ್ಟೋಬರಿನ ಪರೀಕ್ಷೆ ಒಂದೇ. ಅದರ ಹಿಂದಿನ ವಾರ ಭಾಗ್ಯಜ್ಯೋತಿ ಕಾಲೇಜಿನ ಫೋನಿಗೆ ಫೋನ್ ಮಾಡಿದಳು.

"ಈ ಸಲ ನಿಮ್ಮ ಮಾತ ಬರೀತೇನ್ರಿ ಸರ. ನನ್ನ ಮಾತು ಸಾಲ್ಯಾಗ ಹುಡುಗೂರಿಗೆ ಹೇಳ್ತೇನಿ. ಪಾಸಾಗದಿದ್ರ ಅದನ್ನ ಹೇಳಾಕ ಯಾರು ಬಿಡ್ತಾರ್ರಿ?"

ಬರೆದಳು, ಪಾಸಾದಳು. ದೀಪಾವಳಿಗೆ ಫಲಿತಾಂಶ ಇನ್ನೂ ಬಂದಿರಲಿಲ್ಲ, ಆದರೆ ಚನ್ನವ್ವ ಆ ಸರ್ಟಿಫಿಕೇಟನ್ನು ತನ್ನ ಟ್ರಂಕಿನಲ್ಲಿಟ್ಟು ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳಂತೆ. ಫಲಿತಾಂಶ ಬಂದ ದಿನ ಕಾಕಾನೇ ಪೇಢೆ ಹಂಚಿದನಂತೆ. ಇದನ್ನೆಲ್ಲ ಹೇಳಲು ಅವಳು ಸಿಂದಗಿಗೆ ಬಂದಾಗ ಸರ್ ಅವಳನ್ನು ಒಂದು ಮಾತು ಕೇಳಿದರು: ಆ ಮೊದಲಿನ ಉತ್ತರ ನೆನಪಿದ್ದರೆ ಬರೆದುಕೊಡು, ನೋಟ್ಸಿನಲ್ಲಿ ನನ್ನ ವಾಕ್ಯದ ಕೆಳಗೆ ಹಾಕುತ್ತೇನೆ. ಅವಳು ಅಲ್ಲೇ ಕೂತು ಬರೆದುಕೊಟ್ಟಳು. ಸರ್ ಅದರ ಮೇಲೆ, ಹೀಗೂ ಯೋಚಿಸಬಹುದು ಎಂದು ಸೇರಿಸಿ ಅಮೀನುದ್ದೀನನಿಗೆ ಕೊಟ್ಟರು. ಬಹಳ ವರ್ಷದ ಮೇಲೆ ಅವರಿಗೆ ಮೈ ಹಗುರಾಯಿತು.

ಆ ಹಗುರ ಮುಂದಿನ ಮೇ ತಿಂಗಳ ತನಕ ಉಳಿಯಿತು. ಅದೇ ಹಾಲು, ಅದೇ ಫ್ಯಾನು. ಮೊದಲ ಬಂಡಲಿನ ಮೂರನೇ ಪತ್ರಿಕೆಯಲ್ಲಿ ಒಬ್ಬ ಬರೆದಿದ್ದ: ನನ್ನ ಅಜ್ಜಿ ದಿನಾ ಬೆಳಗ್ಗೆ ಗೋಡೆ ಇಲ್ಲದ ಹೊಸ್ತಿಲಿಗೆ ಪೂಜೆ ಮಾಡುತ್ತಾಳೆ. ಐದನೆಯವನ ಅಜ್ಜಿಯೂ ಮಾಡುತ್ತಿದ್ದಳು. ಹನ್ನೊಂದನೆಯವನ ಅಜ್ಜಿ ಪೂಜೆ ಮಾಡಿ ಭರವಸೆಯನ್ನೂ ಕೈಬಿಡುತ್ತಿರಲಿಲ್ಲ, ಅವನು ಎರಡು ವಾಕ್ಯವನ್ನೂ ಸೇರಿಸಿ ಹೊಲಿದುಬಿಟ್ಟಿದ್ದ. ಮಧ್ಯಾಹ್ನದೊಳಗೆ ಇಂಡಿಯಿಂದ ಮುದ್ದೇಬಿಹಾಳದ ತನಕ ಎಲ್ಲರ ಮನೆಗೂ ಕೆಂಪು ನಂಬರು ಬಿದ್ದಿತ್ತು. ಒಂದು ಪತ್ರಿಕೆಯಲ್ಲಂತೂ ಹೀಗೂ ಯೋಚಿಸಬಹುದು ಎಂಬುದನ್ನೂ ಬಿಡದೆ ಇಳಿಸಿದ್ದರು. ಪಕ್ಕದ ಮೇಜಿನಿಂದ ಶಂಕ್ರೆಪ್ಪನವರು, ಗಲಗಲಿಯವರ, ನಿಮ್ಮ ಕಡೆ ಅಜ್ಜಿಗೋಳಿಗೆ ಏನಾಗೇತ್ರಿ ಎಂದು ಕೇಳಿದಾಗ ಹಾಲಿನಲ್ಲಿ ನಗೆ ಎದ್ದಿತು.

ಸರ್ ಕೂಡ ನಕ್ಕರು, ನಗದೆ ಗತಿ ಇರಲಿಲ್ಲ. ತಮ್ಮ ಕೈ ತಾಗಿದರೆ ಸಾಕು, ನಿಜವಾದ ಮಾತೂ ನೋಟ್ಸಾಗುತ್ತದೆ ಎನಿಸಿತು. ಆ ಹುಡುಗಿಯ ಅಜ್ಜಿಯನ್ನು ತಾವೇ ಬಸ್ ಸ್ಟ್ಯಾಂಡಿನಲ್ಲಿ ಮಾರಿದಂತಾಯಿತು ಎನಿಸಿ ಕಣ್ಣು ಒದ್ದೆಯಾಯಿತು. ಹುಡುಗರ ಮೇಲೆ ಸಿಟ್ಟು ಮಾತ್ರ ಬರಲಿಲ್ಲ. ಅವರಿಗೂ ಪಾಸಾಗಬೇಕಿತ್ತು. ಗೆರೆ ಎಳೆದು, ಅಂಕ ಹಾಕಿ, ಪುಟ ತಿರುವುತ್ತ ಹೋದರು.

ಎರಡನೇ ದಿನ ಸಂಜೆಯ ಹೊತ್ತಿಗೆ, ಆ ದಿನದ ಕೊನೆಯ ಬಂಡಲಿನಲ್ಲಿ, ಒಂದು ಪತ್ರಿಕೆ ಹೀಗೆ ಶುರುವಾಗಿತ್ತು: ನನಗೆ ಅಜ್ಜಿ ಇಲ್ಲ.

ಸರ್ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡರು. ನನಗೆ ಅಜ್ಜಿ ಇಲ್ಲ, ಅಪ್ಪ ಇದ್ದಾನೆ. ಪ್ರತಿ ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ನಮ್ಮ ಹಳೆಯ ಊರಿನ ಬಾವಿಯ ಕಟ್ಟೆ ಕಾಣುತ್ತದೆ. ಅಪ್ಪ ಹನ್ನೆರಡು ಮೈಲಿ ಸೈಕಲ್ ತುಳಿದು ಹೋಗಿ ಆ ಕಟ್ಟೆಯ ಕೆಸರು ತೊಳೆದು ಬರುತ್ತಾನೆ. ಜೂನಿನಲ್ಲಿ ಅದು ಮತ್ತೆ ಮುಳುಗುತ್ತದೆ. ಯಾಕೆಂದು ನಾನು ಕೇಳಿಲ್ಲ. ಕವಿತೆಯ ಮುದುಕಿಯನ್ನು ಕೇಳಿದರೂ ಅವಳು ಹೇಳುವುದಿಲ್ಲ ಅನಿಸುತ್ತದೆ. ಅಷ್ಟೇ ಇತ್ತು. ಇಂಗ್ಲಿಷು ಅಲ್ಲಲ್ಲಿ ಮುರಿದಿತ್ತು. ಕೊನೆಯ ಪಾಯಿಂಟ್ ಇರಲಿಲ್ಲ, ಕವಿಯ ಪರಿಚಯವೂ ಇರಲಿಲ್ಲ.

ಗಲಗಲಿ ಸರ್ ಅದನ್ನು ಎರಡು ಸಲ ಓದಿದರು. ಕೀ ಚೀಟಿಯನ್ನು ಬಂಡಲಿನ ಅಡಿಗೆ ಸರಿಸಿ ಹದಿನೈದಕ್ಕೆ ಹದಿಮೂರು ಹಾಕಿದರು. ಆಮೇಲೂ ಪುಟ ತಿರುವಲು ಕೈ ಬರಲಿಲ್ಲ. ತಿದ್ದಿದ ಪತ್ರಿಕೆಗಳನ್ನು ಕಟ್ಟಿ ಒಂದು ಕೋಣೆಯಲ್ಲಿ ಒಗೆಯುತ್ತಾರೆ, ಒಂದೆರಡು ವರ್ಷಕ್ಕೆ ರದ್ದಿಗೆ ಹಾಕುತ್ತಾರೆ, ಬರೆದವರಿಗೆ ಅವು ಯಾವತ್ತೂ ಸಿಗುವುದಿಲ್ಲ. ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಅಂಕದ ಪಕ್ಕದಲ್ಲಿ, ಕೆಂಪು ಪೆನ್ನಿನಿಂದ, ಸಣ್ಣ ಅಕ್ಷರದಲ್ಲಿ ಬರೆದರು: ಓದಿದೆ.